ಕವಡೆ ಕಟ್ಟೆ: ನೀರಿಗೆ ‘ಕಾಯಿ’ ಅಂದರೆ ಏನಾದೀತು?

ಈ ತಿಂಗಳು ಕಟ್ಟೆಗೆ ಬಂದ ಕಾಗದಗಳಲ್ಲಿ ಮುಕ್ಕಾಲು ಒಂದೇ ವಿಷಯದ ಮೇಲೆ. ಹೋದ ಸಂಚಿಕೆಯಲ್ಲಿ ನಮ್ಮ ಮನೆಯ ರೋಲ್‌ಪ್ಲೇ ಆಟದ ‘ಒತ್ತಿನವರು’ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಾತಿನಿಂದಲೇ ಮಾಟ ಮಾಡುವ ಪಂಡಿತರ ಗುಟ್ಟಿನ ಪಂಥ ಅದು. ನಾಲ್ಕು ಸಾಲಿಗೆ ಇಷ್ಟು ಕಾಗದ ಬರುತ್ತವೆ ಅಂತ ಗೊತ್ತಿದ್ದರೆ ಹೋದ ಸಲವೇ ನಲವತ್ತು ಸಾಲು ಬರೆಯುತ್ತಿದ್ದೆ.

ಹೊಸಬರಿಗೆ ಒಂದು ಮಾತು. ಈ ಆಟಕ್ಕೆ ಮನೆ ಬರೆದ ಹಲಗೆ ಬೇಕಿಲ್ಲ. ನಾಲ್ಕೈದು ಜನ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಗುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಏನು ಮಾಡುತ್ತೇನೆ ಅಂತ ಬಾಯಲ್ಲಿ ಹೇಳಬೇಕು. ಅದು ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಕಥೆ ನಡೆಸುವವನಿಗೆ ಗೇಮ್ ಮಾಸ್ಟರ್ ಅಂತಾರೆ. ನಮ್ಮ ಮನೆ ಹುಡುಗರು ನನ್ನನ್ನು ಭಾಗವತ ಅಂತಾರೆ. ಪಾರಿಜಾತದಾಟ ನೋಡಿ ಬೆಳೆದ ಮನೆ, ಏನು ಮಾಡೋದು.

ಪ್ರಶ್ನೆ: ಕಾಕಾ, ನಿಮ್ಮ ‘ಕಾಯಿ’ ಕಥೆ ಓದಿ ನಾವೂ ಹಾಗೇ ಆಡಿದೆವು. ನಮ್ಮ ಜೊತೆ ಮರಾಠಿ ಗೆಳೆಯ ಒಬ್ಬ ಆಡುತ್ತಾನೆ. ಪ್ರತಿ ಮಾತಿಗೂ ‘ಕಾಯ್?’ ಅಂತಾನೆ. ಅವನು ಹಾಗೆ ಅಂದಾಗೆಲ್ಲ ನೀರು ಕುದಿಯಬೇಕಾ? (ಓದುಗ, ಬೆಳಗಾವಿ)

ನಗು ತಡೆಯಲಾಗದೆ ಈ ಕಾಗದವನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ಹೋದ ಸಂಚಿಕೆ ಸಿಗದವರಿಗೆ ಆ ಕಥೆ ಇಷ್ಟು. ಆಟದಲ್ಲಿ ಒಂದು ಬರದ ಊರು. ಇಡೀ ಊರಿಗೆ ಒಂದೇ ಬಾವಿ. ರಾತ್ರಿ ಯಾರೋ ಬಂದು ವಿಷ ಹಾಕುತ್ತಾರೆ ಅಂತ ಸುದ್ದಿ. ನಮ್ಮ ಅಣ್ಣನ ಮಗಳು ಒತ್ತಿನವರ ಪೈಕಿ ಒಬ್ಬಳು. ಬಾವಿ ಕಟ್ಟೆಯ ಮೇಲೆ ಕೈಯಿಟ್ಟು ಗತ್ತಿನಿಂದ “ಕಾಯಿ” ಅಂದಳು. ದಾಳದ ಬದಲು ನಾವು ಬಳಸುವ ಹುಣಸೆ ಬೀಜ ಉರುಳಿಸಿದಳು, ಕೆಟ್ಟದು ಬಿತ್ತು. ನಾನು ಹೇಳಿದೆ: ಬಾವಿಯಿಂದ ಹಬೆ ಏಳುತ್ತಿದೆ.

“ಕಾಕಾ, ಇದು ಮೋಸ ಐತಿ! ನಾ ಕಾವಲು ಕಾಯಿ ಅಂದಿದ್ದೆ.”

“ನೀರಿಗೆ ಏನ್ ಗೊತ್ತವ್ವಾ? ಅದಕ್ಕ ಒಲಿ ಮ್ಯಾಲ ಕಾಯೋದು ಒಂದ ಗೊತ್ತು.”

ಅವತ್ತು ಜಗಳ ಅರ್ಧ ಗಂಟೆ ನಡೆಯಿತು. ಆದರೆ ವಿಷ ಹಾಕಲು ಬಂದವನು ಹಬೆಗೆ ಮುಖ ಸುಟ್ಟುಕೊಂಡು ಓಡಿಹೋದ. ಹೆಂಗೋ ಬಾವಿ ಉಳಿಯಿತು.

ಈಗ ನಿಮ್ಮ ಗೆಳೆಯನ ವಿಷಯ. ಮರಾಠಿಯ ‘ಕಾಯ್’ ಅಂದರೆ ‘ಏನು’. ಒತ್ತಿನವರ ಮಾಟದಲ್ಲಿ ಮನಸ್ಸಿನಲ್ಲಿ ಏನಿತ್ತು ಅನ್ನೋದಕ್ಕೆ ಬೆಲೆ ಇಲ್ಲ, ಬಾಯಿಂದ ಬಂದದ್ದೇ ಲೆಕ್ಕ. ಆದ್ದರಿಂದ ಅವನನ್ನು ಸುಮ್ನೆ ಬಿಡುವ ಹಾಗಿಲ್ಲ. ಆದರೆ ಅವನ ಮಾತಿಗೆ ಕೊನೆಯ ‘ಇ’ ಇಲ್ಲವಲ್ಲ! ಹಾಗಾಗಿ ನನ್ನ ತೀರ್ಪು: ನೀರು ಕುದಿಯುವುದಿಲ್ಲ, ಉಗುರುಬೆಚ್ಚಗೆ ಆಗುತ್ತದೆ. ಅಷ್ಟೇ ಅಲ್ಲ, ಎರಡು ಭಾಷೆ ಬಲ್ಲವನು ಒತ್ತಿನವರಿಗೆ ದೊಡ್ಡ ಆಸ್ತಿ. ಒಂದು ಮಾತು ಎರಡೂ ಕಡೆ ಎರಡು ಅರ್ಥ ಕೊಟ್ಟರೆ, ಯಾವ ಅರ್ಥ ಹಿಡಿಯಬೇಕು ಅನ್ನುವ ಆಯ್ಕೆ ಅವನಿಗೇ ಕೊಡಿ. ಬೆಳಗಾವಿಯಲ್ಲಿ ಕೂತು ಒಂದೇ ಭಾಷೆಯಲ್ಲಿ ಮಾಟ ಮಾಡಿದರೆ ಊರಿಗೆ ಅವಮಾನ.

ಪ್ರಶ್ನೆ: ಒತ್ತಿನವರು ಅನ್ನುವ ಹೆಸರು ಎಲ್ಲಿಂದ ಬಂತು? ನಮ್ಮ ಕಾಲೇಜು ಗೆಳೆಯರ ಆಟಕ್ಕೆ ಅವರನ್ನು ತಗೋಬಹುದಾ? (ಓದುಗ, ಬಾಗಲಕೋಟೆ)

ಧಾರಾಳವಾಗಿ ತಗೋರಿ. ಆದರೆ ಹುಟ್ಟಿದ ಕಥೆ ಕೇಳಿಕೊಂಡು ತಗೋರಿ.

ನಾನು ವಿಜಯಪುರದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುತ್ತಿದ್ದವ. ಆಫ್‌ಸೆಟ್ ಬಂದು ಮೊಳೆಗಳೆಲ್ಲ ತೂಕದ ಲೆಕ್ಕದಲ್ಲಿ ಮಾರಾಟ ಆಗುವವರೆಗೆ ಅದೇ ಕೆಲಸ. ಮೊಳೆ ಇಡುವ ಕನ್ನಡದ ಕೇಸಿನಲ್ಲಿ ಒತ್ತಕ್ಷರದ ಮೊಳೆ ಬೇರೆ ಇರುತ್ತಿತ್ತು. ಸಣ್ಣದು, ಕೈಯಿಂದ ಜಾರುವಂಥದು. ಪ್ರೂಫ್ ತೆಗೆದಾಗ ಮೊದಲು ಮಾಯವಾಗಿರುತ್ತಿದ್ದದ್ದೂ ಅದೇ. ಒಂದು ಸಲ ಮಕ್ಕಳ ಪಾಠದಲ್ಲಿ ‘ಕತ್ತೆ’ಯ ಒತ್ತು ಉದುರಿ ‘ಕತೆ’ ಆಗಿಬಿಟ್ಟಿತ್ತು. ಅಗಸ ಕತೆಯ ಬೆನ್ನ ಮೇಲೆ ಬಟ್ಟೆ ಹೇರಿಕೊಂಡು ಹೊಳೆಗೆ ಹೋದ ಅಂತ ಅಚ್ಚಾಯಿತು. ಮಾಲೀಕರು ಬೈದರು. ನನಗೆ ಮಾತ್ರ ಆ ಸಾಲು ಮರೆಯಲೇ ಇಲ್ಲ. ಒಂದು ಚೂರು ಸೀಸ ಬಿದ್ದುಹೋದರೆ ಕತ್ತೆ ಕತೆಯಾಗುತ್ತದೆ ಅಂದರೆ ಮಾಟ ಅಂತ ಬೇರೆ ಯಾತಕ್ಕೆ ಅನ್ನಬೇಕು?

ಆಟ ಶುರು ಮಾಡಿದಾಗ ಅದೇ ಮೂಲ ಮಾಡಿಕೊಂಡೆ. ಒತ್ತಿನವರು ಮಾಡುವುದು ಎರಡೇ ಕೆಲಸ. ಒತ್ತು ಕೊಡುತ್ತಾರೆ, ಇಲ್ಲ ಒತ್ತು ಕೀಳುತ್ತಾರೆ. ದಾರಿಯಲ್ಲಿ ಒಂದು ಎಲೆ ಇಟ್ಟು ಒತ್ತು ಕೊಟ್ಟರೆ ಅದು ಎಲ್ಲೆ. ದಂಡು ಅದನ್ನು ದಾಟಲಾರದು. ಕೊಳಕ್ಕೆ ಒತ್ತು ಕೊಟ್ಟರೆ ಕೊಳ್ಳ, ನಿಂತ ನೀರಿನ ಜಾಗದಲ್ಲಿ ಕಮರಿ ಬಾಯಿ ತೆರೆಯುತ್ತದೆ. ಬಳ್ಳಿಯ ಒತ್ತು ಕಿತ್ತರೆ ಬಳಿ. ದೂರದ ಮರದ ಬಳ್ಳಿ ಹಿಡಿದು ಹಾಗೆ ಮಾಡಿದರೆ ಆ ಮರವೇ ಹತ್ತಿರ ಬಂದು ನಿಲ್ಲುತ್ತದೆ. ಹುಡುಗರು ಈಗ ಶಾಲೆಯ ವ್ಯಾಕರಣದ ಪುಸ್ತಕದಲ್ಲಿ ಇಂಥ ಜೋಡಿ ಹುಡುಕುತ್ತಾ ಕೂರುತ್ತಾರೆ. ಅವರ ಮಾಸ್ತರಿಗೆ ಯಾಕೆ ಅಂತ ಇನ್ನೂ ತಿಳಿದಿಲ್ಲ.

ಪಂಥದ ಗುರುತು ಅರ್ಕಾವೊತ್ತು. ಬರೆಯುವಾಗ ಅಕ್ಷರದ ಹಿಂದೆ ನಿಲ್ಲುತ್ತದೆ, ಓದುವಾಗ ಮುಂದೆ ಬರುತ್ತದೆ. ಒತ್ತಿನವರ ಸ್ವಭಾವವೂ ಅದೇ. ಜೊತೆಗೆ ನೋಡಲು ಕನ್ನಡದ ಒಂಬತ್ತರ ಹಾಗೆ, ೯. ಅಂಗಡಿ ಬಾಗಿಲ ಮೇಲೆ ೯ ಅಂತ ಬರೆದಿದ್ದರೆ ಊರವರು ಮನೆ ನಂಬರ್ ಅಂದುಕೊಳ್ಳುತ್ತಾರೆ. ನಮ್ಮ ಆಟಗಾರರು ಆರು ವಾರ ಆ ಬಾಗಿಲ ಮುಂದೆಯೇ ಓಡಾಡಿದರು. ಎಂಟನೆಯದೂ ಹತ್ತನೆಯದೂ ಯಾಕಿಲ್ಲ ಅಂತ ಒಬ್ಬನೂ ಕೇಳಲಿಲ್ಲ!

ಇನ್ನೊಂದು ಕಥೆ ಇದೆ, ಅದು ಪಂಥದ ಒಳಗಿನ ಗುಟ್ಟು. ಒಬ್ಬ ಹಳಗನ್ನಡ ಪಂಡಿತರು ಪುಸ್ತಕ ಅಚ್ಚಿಗೆ ತಂದಿದ್ದರು. ಅದರಲ್ಲಿ ೞ ಅಕ್ಷರ ತುಂಬ ಇತ್ತು. ೞ, ಱ ಎರಡೂ ಹಳಗನ್ನಡದಲ್ಲಿ ಇದ್ದವು, ಈಗಿನ ಕನ್ನಡ ಬಿಟ್ಟಿದೆ. ನಮ್ಮ ಕೇಸಿನಲ್ಲಿ ಆ ಮೊಳೆ ಇರಲಿಲ್ಲ. ‘ಳ’ ಹಾಕೋಣ ಅಂದರೆ ಅವರು ಒಪ್ಪಲಿಲ್ಲ. “ಆಳ್ ಅಂದರೆ ರಾಜ್ಯ ಆಳು. ಆೞ್ ಅಂದರೆ ಮುಳುಗು. ನೀನು ನನ್ನ ರಾಜನನ್ನು ಮುಳುಗಿಸುತ್ತೀಯೋ?” ಅಂದರು. ಕೊನೆಗೆ ಆ ಜಾಗ ಖಾಲಿ ಬಿಟ್ಟು ಅಚ್ಚು ಹಾಕಿದೆವು. ಆಮೇಲೆ ನಾನು ಮತ್ತು ಬೈಂಡಿಂಗಿನ ಹುಡುಗ ಕೂತು ಒಂದೊಂದು ಪ್ರತಿಯಲ್ಲೂ ಪೆನ್ನಿನಿಂದ ೞ ತುಂಬಿದೆವು. ಐದುನೂರು ಪ್ರತಿ. ಬೆರಳ ಗಂಟು ಈಗಲೂ ಚಳಿಗಾಲದಲ್ಲಿ ನೆನಪಿಸುತ್ತದೆ.

ಅದಕ್ಕೇ ನಮ್ಮ ಆಟದಲ್ಲಿ ಪಂಥದ ಹಿರಿಯರಿಗೆ ಮಾತ್ರ ೞ ನುಡಿಯಲು ಬರುತ್ತದೆ. ಎಳೆಯರು ಪಟ್ಟಾಭಿಷೇಕದಲ್ಲಿ ರಾಜನಿಗೆ ‘ಆಳು’ ಅಂತ ಹರಸುತ್ತಾರೆ. ಹಿಂದಿನ ಸಾಲಿನಲ್ಲಿ ನಿಂತ ಮುದುಕ ಒಬ್ಬ ಅದೇ ಮಾತು ಅಂದ ಹಾಗೆ ಅನ್ನುತ್ತಾನೆ. ರಾಜ ಸಿಂಹಾಸನ ಸಮೇತ ನೆಲದೊಳಗೆ ಇಳಿಯುತ್ತಾನೆ. ಯಾರು ಮಾಡಿದ್ದು ಅಂತ ಯಾರಿಗೂ ತಿಳಿಯುವುದಿಲ್ಲ. ಕೇಳಿಸಿದ್ದು ಹರಕೆಯೇ ತಾನೇ?

ಪ್ರಶ್ನೆ: ಇದು ನಿಮ್ಮದೇ ತಲೆಯಿಂದ ಬಂದದ್ದೋ, ಎಲ್ಲಿಂದಲೋ ಎತ್ತಿದ್ದೋ? (ಓದುಗ, ಗೋಕಾಕ)

ಅರ್ಧ ಎತ್ತಿದ್ದು. ಗೋಕಾಕದವರು ನೇರ ಕೇಳಿದಿರಿ, ನೇರ ಹೇಳುತ್ತೇನೆ.

ಈ ಜಾತಿಯ ಆಟಕ್ಕೆ ದಾರಿ ಹಾಕಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಬಂತು. ನನಗೆ ಬುದ್ಧಿ ಕೊಟ್ಟದ್ದು ಮಾತ್ರ 1987ರ ಆರ್ಸ್ ಮ್ಯಾಜಿಕಾ. ಪೆನ್ ಡ್ರೈವಿನಲ್ಲಿ ಅದನ್ನು ತಂದುಕೊಟ್ಟವನು ಪುಣೆಯಲ್ಲಿ ಓದುವ ಅಕ್ಕನ ಮಗ. ಅದರ ಕಥೆ ನಡೆಯುವುದು ನಡುಗಾಲದ ಯುರೋಪಿನಲ್ಲಿ. ಮಾಟಗಾರರ ಒಂದು ಪಂಥ, ಅದರಲ್ಲಿ ಹನ್ನೆರಡು ಮನೆತನ. ಅವರ ಮಾಟ ನಡೆಯುವುದು ಲ್ಯಾಟಿನ್ ಮಾತಿನಿಂದ. ಐದು ಕ್ರಿಯಾಪದ, ಹತ್ತು ನಾಮಪದ. ಹುಟ್ಟಿಸು, ತಿಳಿ, ಮಾರ್ಪಡಿಸು, ಅಳಿಸು, ಹಿಡಿತದಲ್ಲಿಡು ಅಂತ ಐದು. ಬೆಂಕಿ, ನೀರು, ಗಿಡ, ಮೈ, ಮನಸ್ಸು ಈ ಥರ ಹತ್ತು. ಒಂದರ ಪಕ್ಕ ಒಂದು ಇಟ್ಟರೆ ಐವತ್ತು ಜೋಡಿ. ಬಾಯಿ ಬಿಡದೆ ಮಾಟ ಮಾಡಿದರೆ ಹತ್ತು ಅಂಕ ಕಡಿಮೆ, ಪಿಸುಮಾತಿನಲ್ಲಿ ಮಾಡಿದರೆ ಐದು ಕಡಿಮೆ. ಎಷ್ಟು ಚೊಕ್ಕ ಲೆಕ್ಕ!

ಅದನ್ನು ಹಾಗೇ ಕನ್ನಡಕ್ಕೆ ತಂದಾಗ ನಮ್ಮ ಮನೆಯಲ್ಲಿ ಎರಡನೇ ವಾರಕ್ಕೇ ಕೆಟ್ಟಿತು. ಯಾಕೆಂದರೆ ಕನ್ನಡದಲ್ಲಿ ‘ಬೆಂಕಿ’, ‘ಕೊಡು’ ಅಂತ ಎರಡು ಮಾತು ಪಕ್ಕಪಕ್ಕ ಇಟ್ಟರೆ ಕೆಲಸ ಮುಗಿಯೋದಿಲ್ಲ. ಬೆಂಕಿ ಕೊಡು ಅಂದರೆ ಅಂಗೈಗೆ ಬೆಂಕಿ ಬರುತ್ತದೆ. ಬೆಂಕಿಗೆ ಕೊಡು ಅಂದರೆ ಅಂಗೈಯೇ ಬೆಂಕಿಗೆ ಹೋಗುತ್ತದೆ. ನಡುವೆ ಇರೋದು ಒಂದು ‘ಗೆ’. ಅಲ್ಲಿಂದ ನಮ್ಮ ಮಾಟದ ಗುರಿ ಹೇಳುವುದು ವಿಭಕ್ತಿ ಪ್ರತ್ಯಯವೇ ಆಯಿತು. ಗಾಬರಿಯಲ್ಲಿ ಪ್ರತ್ಯಯ ತಪ್ಪಿದರೆ ತಪ್ಪಿದ್ದೇ ಲೆಕ್ಕ. ಎತ್ತಿದ್ದು ಅರ್ಧ ಅಂದೆನಲ್ಲ, ಉಳಿದರ್ಧ ಇದು.

ಪ್ರಶ್ನೆ: ಗುಟ್ಟಿನ ಪಂಥ ಅಂತ ಎಲ್ಲ ಮುಚ್ಚಿಟ್ಟೆ. ಆಟಗಾರರಿಗೆ ಬೇಜಾರಾಗಿ ಫೋನ್ ನೋಡುತ್ತಾ ಕೂರುತ್ತಾರೆ. ಏನು ಮಾಡಲಿ? (ಓದುಗಿ, ಜಮಖಂಡಿ)

ತಂಗೀ, ಗುಟ್ಟು ಅಂದರೆ ಕತ್ತಲೆ ಕೋಣೆ ಅಲ್ಲ. ಕಿಂಡಿ ಇರುವ ಬಾಗಿಲು ಅದು. ಕಿಂಡಿಯೇ ಇಲ್ಲದಿದ್ದರೆ ಅದು ಗೋಡೆ. ಗೋಡೆ ನೋಡುತ್ತಾ ಯಾರು ಕೂರುತ್ತಾರೆ?

ನಾನು ಈ ಪಾಠ ಕಲಿತದ್ದು ನಮ್ಮೂರ ಗೋಳಗುಮ್ಮಟದಲ್ಲಿ. ಹುಡುಗರನ್ನು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಕರೆದುಕೊಂಡು ಹೋಗಿದ್ದೆ. ಹತ್ತು ಗಂಟೆ ಮೇಲೆ ಶಾಲೆ ಪ್ರವಾಸದ ಬಸ್ಸು ಬಂದರೆ ಕೂಗಾಟ ಶುರು, ಪಿಸುಮಾತಿಗೆ ಜಾಗ ಇರೋದಿಲ್ಲ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಏಳು ಅಂತಸ್ತು ದಾಟಿದರೆ ಗುಮ್ಮಟದ ಒಳಗಿನ ಓಣಿ ಸಿಗುತ್ತದೆ. ಆ ಕಡೆಯಿಂದ ಈ ಕಡೆಗೆ ಸುಮಾರು 38 ಮೀಟರ್. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಅಂದದ್ದು ಗೋಡೆಯ ಬಳಸು ಹಿಡಿದು ಹೋಗಿ ಎದುರಿನವನ ಕಿವಿಗೆ ಬೀಳುತ್ತದೆ. ನಡುವೆ ಕೆಳಗೆ ನಿಂತವನಿಗೆ ಏನೋ ಗುಂಯ್ ಅಂತದೆ, ಮಾತು ತಿಳಿಯೋದಿಲ್ಲ. 1656ರಲ್ಲಿ ಮುಗಿದ ಕಟ್ಟಡ, ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಸತ್ತವರ ಮನೆಯಲ್ಲಿ ಇಷ್ಟು ಮಾತು!

ಆ ‘ಗುಂಯ್’ ಇದೆಯಲ್ಲ, ಆಟಗಾರರಿಗೆ ಬೇಕಾದದ್ದು ಅದೇ. ಏನೋ ನಡೆಯುತ್ತಿದೆ ಅಂತ ಗೊತ್ತಾಗಬೇಕು, ಏನು ಅಂತ ಗೊತ್ತಾಗಬಾರದು. ಮುಂದಿನ ಆಟದಲ್ಲಿ ಒತ್ತಿನವರ ಸಭೆ ಅಂಥ ಗುಮ್ಮಟದಲ್ಲಿ ಇಟ್ಟೆ. ಹುಡುಗರು ಕೆಳಗೆ ಕಸ ಗುಡಿಸುವವರ ವೇಷದಲ್ಲಿ ಇದ್ದರು. ನಾನು ಸಭೆಯ ಮಾತನ್ನು ಒತ್ತಕ್ಷರಗಳೆಲ್ಲ ಬಿಟ್ಟು ಓದಿದೆ. ಒಂದೊಂದು ಮಾತೂ ಸೊಟ್ಟ. ಮೂವರು ಪೆನ್ಸಿಲ್ ಹಿಡಿದು ಬಿಟ್ಟ ಒತ್ತು ತುಂಬಲು ಕೂತರು. ಫೋನ್ ಎಲ್ಲಿತ್ತೋ ದೇವರಿಗೇ ಗೊತ್ತು.

ನೀವೂ ಏನಾದರೊಂದು ಕೈಗೆ ಕೊಡಿ. ಹರಿದ ಚೀಟಿ, ಅರ್ಧ ಮಾತು. ಇನ್ನೊಂದು, ಪಂಥದವರು ಎಲ್ಲರೂ ಒಂದೇ ಮಾತಿನವರಾಗಿರಬಾರದು. ಗುಟ್ಟು ಮಾರಲು ತಯಾರಿರುವ ಒಬ್ಬನಾದರೂ ಬೇಕು. ನಮ್ಮಲ್ಲಿ ಅವನು ಮಂಡಕ್ಕಿ ಮಾರುತ್ತಾನೆ.

ಪ್ರಶ್ನೆ: ಒಬ್ಬ ಆಟಗಾರ ಎಲ್ಲರಿಗೂ ‘ಸಾಯಿ’ ಅಂದು ಮುಗಿಸಿಬಿಡುತ್ತಾನೆ. ತಡೆಯೋದು ಹೇಗೆ? (ಓದುಗ, ಮುಧೋಳ)

ಎಲ್ಲ ಕಡೆ ಇಂಥವನು ಒಬ್ಬ ಇರುತ್ತಾನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸಿನಲ್ಲೂ ಒಂದೇ ಮಾತಿಗೆ ಕೊಲ್ಲುವ ಮಂತ್ರ ಇದೆ, ಪವರ್ ವರ್ಡ್ ಕಿಲ್ ಅಂತ. 2014ರ ನಿಯಮದಲ್ಲಿ ಅದು ಒಂಬತ್ತನೇ ಹಂತದ ಮಂತ್ರ. ಎದುರಿನವನ ಜೀವದ ಅಂಕ 100 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ತಗಲುತ್ತದೆ. ಮಂತ್ರವಾದಿ 17ನೇ ಮಟ್ಟಕ್ಕೆ ಬಂದ ಮೇಲೇ ಅದು ಕೈಗೆ ಸಿಗೋದು. ಬೇಲಿ ಹಾಕಿಯೇ ಕೊಟ್ಟಿದ್ದಾರೆ.

ಬೇಲಿ ಜಾಸ್ತಿ ಆದರೂ ಕಷ್ಟ. ಅದೇ ಆಟಕ್ಕೆ 2006ರಲ್ಲಿ ಟ್ರೂನೇಮರ್ ಅನ್ನುವ ಪಾತ್ರ ಬಂತು. ವಸ್ತುವಿನ ನಿಜ ಹೆಸರು ಹೇಳಿ ಮಾಟ ಮಾಡುವವನು. ಒಂದು ಮಾತು ಫಲಿಸಿದರೆ ಅವತ್ತು ಅದೇ ಮಾತು ಎರಡು ಅಂಕ ಕಷ್ಟವಾಗುತ್ತಿತ್ತು. ಇದು ಒಳ್ಳೆ ಯೋಚನೆ. ಆದರೆ ಎದುರಾಳಿಯ ಬಲ ಒಂದು ಮೆಟ್ಟಿಲು ಏರಿದರೆ ದಾಳದಲ್ಲಿ ಮುಟ್ಟಬೇಕಾದ ಗುರಿ ಎರಡು ಅಂಕ ಏರುತ್ತಿತ್ತು. ಇವನ ಕಲಿಕೆ ಮಟ್ಟಕ್ಕೆ ಒಂದೇ ಅಂಕ. ಹೀಗಾಗಿ ದೊಡ್ಡವನಾದಂತೆ ಬಾಯಿ ಕಟ್ಟುತ್ತಾ ಹೋಯಿತು. ಪಾಪ, ಪಂಡಿತರ ಪಾಡು ಹೊರಗೂ ಅಷ್ಟೇ ಅಲ್ವಾ?

ನಮ್ಮ ಮನೆಯ ನಿಯಮ ಬೇರೆ. ಮಾಟಕ್ಕೆ ಬಳಸಿದ ಮಾತನ್ನು ಆಟಗಾರ ಅವತ್ತಿನ ಆಟ ಮುಗಿಯುವ ತನಕ ಬಾಯಿ ಬಿಟ್ಟು ಅನ್ನುವ ಹಾಗಿಲ್ಲ. ಪಾತ್ರ ಅಲ್ಲ, ಆಟಗಾರ. ‘ನೀರು’ ಬಳಸಿದವ ಖಾರ ಹತ್ತಿದರೂ ನೀರು ಅಂತ ಕೇಳುವ ಹಾಗಿಲ್ಲ, ತಂಬಿಗೆ ಕಡೆ ಕೈ ತೋರಿಸಬೇಕು. ಬಾಯಿ ತಪ್ಪಿ ಅಂದುಬಿಟ್ಟರೆ ಮಾಟ ಮುರಿಯುತ್ತದೆ. ಈಗ ‘ಸಾಯಿ’ ನೋಡಿ. ನಮ್ಮ ಕಡೆ “ಸಾಯ್ಲಿ ಬಿಡು” ಅನ್ನದೆ ಒಂದು ತಾಸು ಇದ್ದವರನ್ನು ನಾನು ನೋಡಿಲ್ಲ. ನಮ್ಮ ಸಣ್ಣವ ಆ ಮಾತಿನಿಂದ ಒಬ್ಬ ದರೋಡೆಕೋರನನ್ನು ಕೊಂದ. ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಇವನ ಬಾಯಿಂದ ಮೊದಲು ಬಂದದ್ದೇ ಅದು. ದರೋಡೆಕೋರ ಎದ್ದು ಕೂತ.

ಪ್ರಶ್ನೆ: ನನ್ನ ಮಗ ರಾತ್ರಿ ಹಾಸಿಗೆಯಲ್ಲಿ ಏನೇನೋ ಮಂತ್ರ ಗುನುಗುತ್ತಾನೆ. ಅತ್ತೆಯವರು ಮಾಟ ಕಲಿಯುತ್ತಿದ್ದಾನೆ ಅಂತ ಹೆದರಿದ್ದಾರೆ. (ಓದುಗಿ, ಇಳಕಲ್)

ಅಕ್ಕಾರ, ಅವನು ಗುನುಗುವುದನ್ನು ಒಂದು ಸಲ ಕಿವಿಗೊಟ್ಟು ಕೇಳಿ. “ಎಲೆ ಎಲ್ಲೆ, ಕೊಳ ಕೊಳ್ಳ” ಅಂತಿದ್ದರೆ ಅದು ವ್ಯಾಕರಣ. ಅತ್ತೆಯವರನ್ನೇ ಆಟಕ್ಕೆ ಕೂರಿಸಿ. ಒಗಟು, ಒಡಪು ಬಲ್ಲ ಹಿರಿಯರ ಮುಂದೆ ಈ ಹುಡುಗರದು ಏನೂ ನಡೆಯೋದಿಲ್ಲ. ನಿದ್ದೆಗೆಟ್ಟರೆ ಮಾತ್ರ ಬೈಯಿರಿ, ಅದು ನಿಮ್ಮ ಹಕ್ಕು.

ಪ್ರಶ್ನೆ: ಇಪ್ಪತ್ತು ಮುಖದ ದಾಳ ನಮ್ಮೂರಲ್ಲಿ ಸಿಗೋದಿಲ್ಲ. (ಓದುಗ, ಇಂಡಿ)

ನಮ್ಮಲ್ಲೂ ಇಲ್ಲ. ಚೌಕಾಬಾರದ ನಾಲ್ಕು ಹುಣಸೆ ಬೀಜ ಸಾಕು, ಒಂದು ಬದಿ ಕಲ್ಲಿಗೆ ತಿಕ್ಕಿ ಬಿಳಿ ಮಾಡಿ. ನಾಲ್ಕು ಬೀಜ ಬೀಳುವ ಬಗೆ ಹದಿನಾರು. ಅದರಲ್ಲಿ ಎರಡು ಬಿಳಿ ಬೀಳೋದು ಆರು ಸಲ, ಒಂದು ನಾಲ್ಕು ಸಲ, ಮೂರು ನಾಲ್ಕು ಸಲ. ನಾಲ್ಕೂ ಬಿಳಿ ಒಂದು ಸಲ, ನಾಲ್ಕೂ ಕಪ್ಪು ಒಂದು ಸಲ. ನಮ್ಮಲ್ಲಿ ನಾಲ್ಕೂ ಕಪ್ಪು ಬಿದ್ದರೆ, ಅಂದರೆ ಚೌಕಾಬಾರದ ಎಂಟು ಬಿದ್ದರೆ, ಮಾತು ಕೇಳಿದ್ದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಒಂದು ಬಿದ್ದರೆ ಮಾತಿನ ಇನ್ನೊಂದು ಅರ್ಥ ಫಲಿಸುತ್ತದೆ. ಬಾವಿ ಕುದ್ದದ್ದು ಆ ಒಂದರಿಂದ. ಇದೆಲ್ಲ ಬೀಜ ಸಮ ಇದ್ದರೆ. ನಮ್ಮ ಮನೆ ಬೀಜ ಬಿಳಿಗೇ ಜಾಸ್ತಿ ಬೀಳುತ್ತವೆ. ತಿಕ್ಕಿದವನು ಯಾರು ಅಂತ ಗೊತ್ತು, ಹೇಳೋದಿಲ್ಲ.

ಪ್ರಶ್ನೆ: ನಿಜವಾಗಿಯೂ ಇಂಥ ಮಾತಿನ ಪಂಥ ನಮ್ಮ ಕಡೆ ಇತ್ತೇ? ವಚನಕಾರರನ್ನು ಹಾಗೆ ಅನ್ನಬಹುದೇ? (ಓದುಗ, ಬಸವನ ಬಾಗೇವಾಡಿ)

ಅನ್ನಬಾರದು. ಬೆಡಗಿನ ವಚನ ಒಗಟಿನಂತೆ ಇರುತ್ತವೆ, ನಿಜ. ಆದರೆ ಅವರ ಮಾತು ಎಲ್ಲರಿಗೆ ಅಂತ ಆಡಿದ್ದು. ನನ್ನ ಒತ್ತಿನವರು ಬಚ್ಚಿಡುವವರು. ನೇರ ಉಲ್ಟಾ.

ಪಂಥಕ್ಕೆ ಒಬ್ಬ ಎದುರಾಳಿ ಬೇಕಾದಾಗ ಮಾತ್ರ ನಮ್ಮೂರಿನ ಒಬ್ಬರನ್ನು ನೆನೆಸಿಕೊಂಡೆ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು. ಮನೆಮನೆಗಳಲ್ಲಿ ಪೂಜೆಗೆ ಇಟ್ಟಿದ್ದ ತಾಳೆಗರಿ ಕಟ್ಟು ಬಿಚ್ಚಿಸಿ ವಚನ ಓದಿದರು, ನಕಲು ಮಾಡಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. 1926ರಲ್ಲಿ ಶಿವಾನುಭವ ಪತ್ರಿಕೆ ಶುರು ಮಾಡಿದರು. ಅಚ್ಚಿನ ಮನೆಯವನಾದ ನನಗೆ ಇದು ಬೇರೆ ಥರ ಕಾಣುತ್ತದೆ. ಕಟ್ಟಿನಲ್ಲಿದ್ದ ಮಾತಿಗೆ ಮೊಳೆ ಕೊಟ್ಟವರು ಅವರು. ನಮ್ಮ ಆಟದಲ್ಲಿ ಒತ್ತಿನವರು ಹೆದರುವುದು ಕತ್ತಿಗಲ್ಲ, ಊರೂರು ಸುತ್ತಿ ಗುಟ್ಟಿನ ಮಾತೆಲ್ಲ ಅಚ್ಚು ಹಾಕಿ ಕಾಸಿಗೊಂದು ಹಂಚುವ ಒಬ್ಬ ಮುದುಕಿಗೆ. ಅವಳಿಗೆ ಹೆಸರಿಟ್ಟಿಲ್ಲ. ಹೆಸರು ಗೊತ್ತಾದರೆ ಒತ್ತು ಕೀಳುತ್ತಾರೆ.

ಪ್ರಶ್ನೆ: ಆ ಕುದಿಯುವ ಬಾವಿ ಆಮೇಲೆ ಏನಾಯಿತು? (ಆರನೇ ಇಯತ್ತೆ ಓದುಗಿ, ಸವದತ್ತಿ)

ಇನ್ನೂ ಬಿಸಿಯೇ ಇದೆ ಪುಟ್ಟಿ. ಕುಡಿಯುವ ನೀರನ್ನು ಊರವರು ಹಿಂದಿನ ರಾತ್ರಿಯೇ ಸೇದಿ ಆರಲು ಇಡುತ್ತಾರೆ. ಪಕ್ಕದಲ್ಲಿ ಜಳಕದ ಮನೆ ಕಟ್ಟಿಸಿ ತಲೆಗೆ ಎರಡು ಕಾಸು ವಸೂಲಿ ಮಾಡುತ್ತಿದ್ದಾರೆ. ನಮ್ಮ ಅಣ್ಣನ ಮಗಳು ಅದರಲ್ಲಿ ಪಾಲು ಕೇಳುತ್ತಿದ್ದಾಳೆ. ಮೋಸ ಅಂದವಳೂ ಅವಳೇ.